ಓಟಗಾರ್ತಿಯ ಸುದ್ದಿಗೆ ಓಟವೇ ತಲೆಬರಹ

ದಕ್ಷಿಣ ಕನ್ನಡದ ಮಡಂತ್ಯಾರಿನ ಆಸುಪಾಸಿನವರಿಗೆ ಓಟದ ಸುದ್ದಿ ಓದುವ ರೂಢಿ ಹೊಸದಲ್ಲ. ವೇಣೂರಿನಲ್ಲೋ ಮೂಡುಬಿದಿರೆಯಲ್ಲೋ ಕಂಬಳ ಮುಗಿದ ಮರುದಿನ, ಯಾರ ಕೋಣ, ಓಡಿಸಿದವರು ಯಾರು ಎಂಬ ಪಟ್ಟಿ ಪತ್ರಿಕೆಯಲ್ಲಿ ಬರುತ್ತದೆ. 2020ರ ಫೆಬ್ರವರಿಯಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳ ಕಂಬಳದ ಕರೆಯಲ್ಲಿ (ಓಟದ ಕಣದಲ್ಲಿ) ಕೋಣಗಳೊಂದಿಗೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದಾಗ ವಿದೇಶದ ಮಾಧ್ಯಮಗಳೂ ಬೆರಗಾದವು. ಉಸೇನ್ ಬೋಲ್ಟ್ ಜತೆ ಹೋಲಿಕೆ ನಡೆಯಿತು. ಆದರೂ ಮಾತೆಲ್ಲ ಓಟ ಶುರುವಾಗುವ ಗಂತಿನಿಂದ ಮುಗಿಯುವ ಮಂಜೊಟ್ಟಿಯವರೆಗಿನ ವೇಗದ್ದೇ.

ಅದಕ್ಕೆ ಒಂಬತ್ತು ತಿಂಗಳ ಹಿಂದೆ ಓಟಗಾರ್ತಿಯೊಬ್ಬರು ಸುದ್ದಿಯಾಗಿದ್ದರು, ಆದರೆ ಓಟಕ್ಕಾಗಿ ಅಲ್ಲ. ಒಡಿಶಾದ ನೇಕಾರ ಕುಟುಂಬದ ದ್ಯುತಿ ಚಾಂದ್, ತಮ್ಮೂರಿನ ಯುವತಿಯೊಬ್ಬಳನ್ನು ಪ್ರೀತಿಸುತ್ತಿರುವುದಾಗಿ 2019ರ ಮೇ ತಿಂಗಳಲ್ಲಿ ಬಹಿರಂಗವಾಗಿ ಹೇಳಿದರು. ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ಕುರಿತು ತೀರ್ಪು ನೀಡಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಹಿಂದಿನ ವರ್ಷ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಅವರು ಗೆದ್ದ ಎರಡು ಬೆಳ್ಳಿ ಹಿಂದೆ ಸರಿದವು. ಈ ಪ್ರೀತಿಯ ಕುರಿತ ಮನೆಯವರ ಜಗಳ ಮುಂದೆ ಬಂತು. ಮಾಧ್ಯಮದ ಈ ನೋಟ ಅವರಿಗೆ ಹೊಸದೂ ಆಗಿರಲಿಲ್ಲ. 2014ರಲ್ಲಿ ಹಾರ್ಮೋನ್ ಪ್ರಮಾಣದ ನೆಪದಲ್ಲಿ ಕಾಮನ್‌ವೆಲ್ತ್ ತಂಡದಿಂದ ಕೈಬಿಟ್ಟಾಗಲೂ ಅವರ ದೇಹವೇ ಸುದ್ದಿಯಾಗಿತ್ತು.

ಈ ಚಾಳಿ ಹಳೆಯದು. 1981ರಲ್ಲಿ ಟೆನಿಸ್ ತಾರೆ ಮಾರ್ಟಿನಾ ನವ್ರಾಟಿಲೋವಾ ಬೇಡವೆಂದರೂ ನ್ಯೂಯಾರ್ಕಿನ ಪತ್ರಿಕೆಯೊಂದು ಅವರ ಖಾಸಗಿ ಮಾತನ್ನು ಅಚ್ಚು ಹಾಕಿತು. 1990ರಲ್ಲಿ ಫುಟ್ಬಾಲ್ ಆಟಗಾರ ಜಸ್ಟಿನ್ ಫಶಾನು ತಾವು ಸಲಿಂಗ ಪ್ರೇಮಿ ಎಂದು ತಾವೇ ಹೇಳಿಕೊಂಡಾಗ ಬ್ರಿಟನ್ನಿನ 'ದಿ ಸನ್' ಅದನ್ನು ಮುಖಪುಟದ ಸರಕು ಮಾಡಿತು.

ಕನ್ನಡದಲ್ಲಿ ತೊಡಕು ಪದದಿಂದಲೇ ಶುರುವಾಗುತ್ತದೆ. ನಮ್ಮ ಸುದ್ದಿಮನೆಗಳಿಗೆ ಥಟ್ಟನೆ ಸಿಗುವ ಪದ 'ಸಲಿಂಗಕಾಮಿ'. ಗಂಡು ಹೆಣ್ಣನ್ನು ಮೆಚ್ಚಿದರೆ ಪ್ರೇಮಿ. ಹೆಣ್ಣು ಹೆಣ್ಣನ್ನು ಮೆಚ್ಚಿದರೆ ಕಾಮಿ. ದ್ಯುತಿ ಆಡಿದ್ದು ಬಾಳಸಂಗಾತಿಯ ಮಾತು. 'ಸಲಿಂಗ ಪ್ರೇಮಿ' ಎಂಬ ಪದವೂ ನಮ್ಮಲ್ಲಿದೆ. ಅದನ್ನು ಬಳಸಲು ಹೆಚ್ಚು ಜಾಗವೇನೂ ಬೇಡ.

ಹಾಗೆಂದು ಕ್ರೀಡಾಪಟುವಿಗೆ ವಿನಾಯಿತಿ ಕೊಡಬೇಕೆಂದಲ್ಲ. 2023ರಲ್ಲಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ದ್ಯುತಿಗೆ ನಾಲ್ಕು ವರ್ಷಗಳ ನಿಷೇಧ ಬಿದ್ದಾಗ ಅದು ವರದಿಯಾಗಲೇಬೇಕಿತ್ತು. ಅದು ಕ್ರೀಡೆಯ ಸುದ್ದಿ. ಯಾರನ್ನು ಪ್ರೀತಿಸಿದರು ಎಂಬುದು ಅವರಾಗಿ ಹೇಳಿದರಷ್ಟೇ, ಹೇಳಿದಷ್ಟೇ ಸುದ್ದಿ.

ತಮ್ಮ ಪ್ರೀತಿಯ ಬಗ್ಗೆ ಮಾತಾಡಿದ ಎರಡೇ ತಿಂಗಳಿಗೆ, 2019ರ ಜುಲೈ 9ರಂದು, ನೇಪಲ್ಸ್‌ನ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ದ್ಯುತಿ 100 ಮೀಟರ್ ಚಿನ್ನ ಗೆದ್ದರು. ಸಮಯ 11.32 ಸೆಕೆಂಡ್.