ಅಲ್ಪಾವಧಿ ಉಪವಾಸ: ಯಾರಿಗೆ ಒಳ್ಳೆಯದು, ಯಾರಿಗೆ ಅಪಾಯ? ಆರಂಭಿಸುವ ಮುನ್ನ ತಿಳಿಯಬೇಕಾದ ಸಂಗತಿಗಳು

ಹೈದರಾಬಾದ್‌ನ ನಾಚಾರಂ ಕಾರ್ಖಾನೆಗಳ ಊರು. ಔಷಧ, ಆಹಾರ, ಎಂಜಿನಿಯರಿಂಗ್ ಘಟಕಗಳು, ಕಾರ್ಮಿಕರಿಗಾಗಿ ಇಎಸ್‌ಐ ಆಸ್ಪತ್ರೆ, ಹಗಲು ರಾತ್ರಿ ಎನ್ನದೆ ನಡೆಯುವ ಪಾಳಿ ಕೆಲಸ ಇಲ್ಲಿನ ಗುರುತು. ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ತಾರ್ನಾಕದಲ್ಲಿ ದೇಶದ ಊಟದ ತಟ್ಟೆಯ ಲೆಕ್ಕ ಬರೆಯುವ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ (ಎನ್‌ಐಎನ್) ಇದೆ. 1918ರಲ್ಲಿ ತಮಿಳುನಾಡಿನ ಕೂನೂರಿನಲ್ಲಿ ಒಂದೇ ಕೋಣೆಯಲ್ಲಿ ಆರಂಭವಾದ ಈ ಸಂಸ್ಥೆ 1958ರಲ್ಲಿ ಹೈದರಾಬಾದ್‌ಗೆ ಬಂತು. ಆಗ ದೇಶದ ಚಿಂತೆ ಹೊಟ್ಟೆಗೆ ಸಾಲದ ಊಟದ್ದಾಗಿತ್ತು. ಈಗ ಅದರ ಜೊತೆಗೆ ಬೊಜ್ಜು, ಮಧುಮೇಹ, ರಕ್ತದೊತ್ತಡವೂ ಸೇರಿಕೊಂಡಿವೆ. ಹಾಗಾಗಿಯೇ 'ಇಂಟರ್‌ಮಿಟೆಂಟ್ ಫಾಸ್ಟಿಂಗ್', ಅಂದರೆ ಅಲ್ಪಾವಧಿ ಉಪವಾಸದ ಮಾತು ಮನೆಮನೆಯಲ್ಲೂ ಕೇಳಿಬರುತ್ತಿದೆ.

ಇದನ್ನು ಮಾಡಿದರೆ ನಿಜಕ್ಕೂ ಲಾಭವಿದೆಯೇ? ಎಷ್ಟು ಗಂಟೆ ಮಾಡಬೇಕು? ಯಾರು ಮಾಡಲೇಬಾರದು? ಇಲ್ಲಿದೆ ಪೂರ್ಣ ಮಾಹಿತಿ.

ಅಲ್ಪಾವಧಿ ಉಪವಾಸ ಎಂದರೇನು?

ದಿನಗಟ್ಟಲೆ ಊಟ ಬಿಡುವುದಲ್ಲ, ಊಟದ ಹೊತ್ತನ್ನು ನಿಗದಿ ಮಾಡಿಕೊಳ್ಳುವುದೇ ಇದರ ಮುಖ್ಯ ಅಂಶ. ಸಾಮಾನ್ಯವಾಗಿ ನಾಲ್ಕು ವಿಧಾನಗಳು ಬಳಕೆಯಲ್ಲಿವೆ.

12:12 – ದಿನದ 12 ಗಂಟೆಯೊಳಗೆ ಎಲ್ಲ ಊಟ ತಿಂಡಿ ಮುಗಿಸಿ, ಉಳಿದ 12 ಗಂಟೆ ನೀರು ಮಾತ್ರ. ರಾತ್ರಿ 8ಕ್ಕೆ ಊಟ ಮುಗಿಸಿದರೆ ಬೆಳಿಗ್ಗೆ 8ಕ್ಕೆ ತಿಂಡಿ.

16:8 – 8 ಗಂಟೆಯೊಳಗೆ ಊಟ, 16 ಗಂಟೆ ಬಿಡುವು. ಹೆಚ್ಚು ಪ್ರಚಾರದಲ್ಲಿರುವುದು ಇದೇ.

5:2 – ವಾರದಲ್ಲಿ 5 ದಿನ ಮಾಮೂಲಿ ಊಟ, 2 ದಿನ ಸುಮಾರು 500ರಿಂದ 600 ಕ್ಯಾಲೊರಿಯಷ್ಟು ಮಾತ್ರ ಆಹಾರ.

ದಿನ ಬಿಟ್ಟು ದಿನ – ಒಂದು ದಿನ ಊಟ, ಮರುದಿನ ಉಪವಾಸ ಅಥವಾ ಅತ್ಯಲ್ಪ ಆಹಾರ. ಪಾಲಿಸಲು ಇದೇ ಕಷ್ಟ.

ಹೆಸರು ಹೊಸತಾದರೂ ಪದ್ಧತಿ ನಮಗೆ ಹೊಸದಲ್ಲ. ಸೋಮವಾರ, ಶನಿವಾರದ ಒಪ್ಪತ್ತು, ತಿಂಗಳಿಗೆ ಎರಡು ಬಾರಿಯ ಏಕಾದಶಿ ಮತ್ತು ದ್ವಾದಶಿಯ ಪಾರಣೆ, ಶಿವರಾತ್ರಿಯ ಜಾಗರಣೆ, ಸಂಕಷ್ಟಿಯಂದು ಚಂದ್ರದರ್ಶನದವರೆಗಿನ ಉಪವಾಸ, ರಂಜಾನ್‌ನ ರೋಜಾ, ಜೈನರ ಪರ್ಯೂಷಣದ ವ್ರತ ಇವೆಲ್ಲ ಊಟಕ್ಕೆ ಬಿಡುವು ಕೊಡುವ ಕ್ರಮಗಳೇ. ಆದರೆ ಅವುಗಳ ಉದ್ದೇಶ ಭಕ್ತಿ, ಸಂಯಮ. ಆರೋಗ್ಯಕ್ಕಾಗಿ ಮಾಡುವಾಗ ಲೆಕ್ಕಾಚಾರವೇ ಬೇರೆ.

ದೇಹದಲ್ಲಿ ಏನಾಗುತ್ತದೆ?

ಊಟದ ನಂತರ ರಕ್ತದಲ್ಲಿ ಸಕ್ಕರೆ ಏರುತ್ತದೆ, ಇನ್ಸುಲಿನ್ ಅದನ್ನು ಜೀವಕೋಶಗಳಿಗೆ ಸಾಗಿಸುತ್ತದೆ. ಉಳಿದ ಸಕ್ಕರೆಯ ಒಂದು ಪಾಲು ಗ್ಲೈಕೋಜನ್ ರೂಪದಲ್ಲಿ ಯಕೃತ್ತು ಮತ್ತು ಸ್ನಾಯುಗಳಲ್ಲಿ ಸಂಗ್ರಹವಾಗುತ್ತದೆ. ಯಕೃತ್ತಿನ ಸಂಗ್ರಹ ಸುಮಾರು 100 ಗ್ರಾಂ. ಊಟ ನಿಂತಾಗ ದೇಹ ಮೊದಲು ಇದನ್ನು ಖರ್ಚು ಮಾಡುತ್ತದೆ. ಸುಮಾರು 12 ಗಂಟೆ ಕಳೆದ ಮೇಲೆ ಕೊಬ್ಬನ್ನು ಹೆಚ್ಚಾಗಿ ಬಳಸಲು ಶುರು ಮಾಡುತ್ತದೆ. ಈ ಸಮಯ ವ್ಯಕ್ತಿಯಿಂದ ವ್ಯಕ್ತಿಗೆ, ಹಿಂದಿನ ಊಟ ಮತ್ತು ಕೆಲಸದ ಮೇಲೆ ಬದಲಾಗುತ್ತದೆ.

ಗ್ಲೈಕೋಜನ್ ಜೊತೆ ನೀರೂ ಸಂಗ್ರಹವಾಗಿರುತ್ತದೆ. ಆದ್ದರಿಂದ ಮೊದಲ ವಾರ ತೂಕದ ಯಂತ್ರದಲ್ಲಿ ಕಾಣುವ ಇಳಿಕೆಯಲ್ಲಿ ದೊಡ್ಡ ಪಾಲು ನೀರಿನದ್ದು, ಕೊಬ್ಬಿನದ್ದಲ್ಲ.

'ಉಪವಾಸ ಮಾಡಿದರೆ ಜೀವಕೋಶಗಳು ತಮ್ಮನ್ನು ತಾವೇ ಶುಚಿಗೊಳಿಸುತ್ತವೆ' ಎಂಬ ಮಾತೂ ಪ್ರಚಲಿತ. ಇದಕ್ಕೆ 'ಆಟೊಫಜಿ' ಎಂದು ಹೆಸರು. ಈ ಕ್ರಿಯೆಯ ಸಂಶೋಧನೆಗೆ ಜಪಾನ್‌ನ ಯೋಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದಿದ್ದು ನಿಜ. ಆದರೆ ಅವರ ಮುಖ್ಯ ಪ್ರಯೋಗಗಳು ನಡೆದದ್ದು ಯೀಸ್ಟ್ ಮೇಲೆ. ಮನುಷ್ಯರಲ್ಲಿ ಇಂತಿಷ್ಟೇ ಗಂಟೆಗೆ ಇದು ಚುರುಕಾಗುತ್ತದೆ ಎಂದು ಹೇಳುವ ಪಟ್ಟಿಗಳಿಗೆ ಗಟ್ಟಿ ಆಧಾರವಿಲ್ಲ.

ಸಂಶೋಧನೆಗಳು ಏನು ಹೇಳುತ್ತವೆ?

ಚೀನಾದಲ್ಲಿ ಬೊಜ್ಜಿನ ಸಮಸ್ಯೆಯಿದ್ದ 139 ಜನರ ಮೇಲೆ 12 ತಿಂಗಳು ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಎರಡೂ ಗುಂಪುಗಳಿಗೆ ಕ್ಯಾಲೊರಿ ಕಡಿಮೆ ಮಾಡಲಾಗಿತ್ತು. ಒಂದು ಗುಂಪು ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ತಿನ್ನಬೇಕಿತ್ತು. ವರ್ಷದ ಕೊನೆಗೆ ಆ ಗುಂಪು ಸರಾಸರಿ 8 ಕೆ.ಜಿ., ಇನ್ನೊಂದು ಗುಂಪು 6.3 ಕೆ.ಜಿ. ಇಳಿದಿತ್ತು. ಸಂಖ್ಯಾಶಾಸ್ತ್ರದ ಪ್ರಕಾರ ಇದು ಗಣನೀಯ ವ್ಯತ್ಯಾಸವಲ್ಲ.

ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ 116 ಜನರ ಅಧ್ಯಯನದಲ್ಲಿ, ಏನು ತಿನ್ನಬೇಕೆಂದು ಹೇಳದೆ 16:8 ಮಾತ್ರ ಪಾಲಿಸಿದವರ ತೂಕ 12 ವಾರಗಳಲ್ಲಿ ಇಳಿದದ್ದು ಸುಮಾರು 1 ಕೆ.ಜಿ. ಅಷ್ಟೇ. ಅದರಲ್ಲೂ ಸ್ನಾಯುವಿನ ತೂಕ ಕರಗುವ ಆತಂಕ ಕಂಡುಬಂತು. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ದಿನ ಬಿಟ್ಟು ದಿನ ಉಪವಾಸ ಮಾಡುವ ಗುಂಪಿನ ಶೇ 38ರಷ್ಟು ಮಂದಿ ಅರ್ಧಕ್ಕೇ ಬಿಟ್ಟಿದ್ದರು.

ಇವುಗಳಿಂದ ತಿಳಿಯುವುದಿಷ್ಟು: ಉಪವಾಸದಲ್ಲಿ ಮಾಯೆಯಿಲ್ಲ. ತಿನ್ನುವ ಹೊತ್ತು ಕಡಿಮೆಯಾದಾಗ ತಿನ್ನುವ ಪ್ರಮಾಣವೂ ಕಡಿಮೆಯಾದರೆ ಲಾಭ. ರಾತ್ರಿ ಟಿ.ವಿ. ಮುಂದಿನ ಚೌಚೌ, ಮಿಕ್ಸ್ಚರ್, ಸಂಜೆಯ ಮೂರನೇ ಚಹಾ, ತಡರಾತ್ರಿಯ ಬಿರಿಯಾನಿ ತಪ್ಪಿದರೆ ಅದೇ ದೊಡ್ಡ ಗೆಲುವು. ಕ್ಯಾಲೊರಿ ಎಣಿಸುವುದಕ್ಕಿಂತ ಗಡಿಯಾರ ನೋಡುವುದು ಸುಲಭ ಎನ್ನುವವರಿಗೆ ಈ ದಾರಿ ಹೊಂದುತ್ತದೆ.

2024ರಲ್ಲಿ ಅಮೆರಿಕದ ಹೃದಯ ಸಂಘದ ಸಮ್ಮೇಳನದಲ್ಲಿ ಮಂಡನೆಯಾದ ಒಂದು ವಿಶ್ಲೇಷಣೆ, ದಿನಕ್ಕೆ 8 ಗಂಟೆಗಿಂತ ಕಡಿಮೆ ಅವಧಿಯಲ್ಲಿ ತಿನ್ನುವವರಲ್ಲಿ ಹೃದ್ರೋಗದ ಸಾವು ಹೆಚ್ಚು ಎಂದಿತ್ತು. ಅದು ಕೇವಲ ಸಂಬಂಧವನ್ನು ತೋರಿಸುವ ಅಧ್ಯಯನ, ಉಪವಾಸವೇ ಕಾರಣ ಎಂದು ಅದು ಸಾಬೀತು ಮಾಡಿಲ್ಲ. ಆದರೂ 'ಗಂಟೆ ಹೆಚ್ಚಿದಷ್ಟೂ ಒಳ್ಳೆಯದು' ಎಂಬ ಉತ್ಸಾಹಕ್ಕೆ ಅದು ಎಚ್ಚರಿಕೆ.

ಮಧುಮೇಹಿಗಳು ಗಮನಿಸಲೇಬೇಕು

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಉಪವಾಸದ ನಿಜವಾದ ಅಪಾಯ ಇರುವುದು ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಏಕಾಏಕಿ ಕುಸಿಯಬಹುದು. ಕೈ ನಡುಕ, ಬೆವರು, ಎದೆ ಬಡಿತ, ಕಣ್ಣು ಮಂಜಾಗುವುದು, ತಡಬಡಿಸುವ ಮಾತು ಇದರ ಲಕ್ಷಣ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ದೀರ್ಘ ಉಪವಾಸ ಮಾಡಿದರೆ ರಕ್ತದಲ್ಲಿ ಆಮ್ಲ ಹೆಚ್ಚುವ 'ಕೀಟೊಅಸಿಡೋಸಿಸ್' ಅಪಾಯವಿದೆ. ಇದರಲ್ಲಿ ಸಕ್ಕರೆ ಮಟ್ಟ ತೀರಾ ಹೆಚ್ಚು ತೋರಿಸದೆಯೂ ಇರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ರಂಜಾನ್ ಉಪವಾಸದಲ್ಲಿ ವೈದ್ಯರು ಪಾಲಿಸುವ ನಿಯಮ ಎಲ್ಲರಿಗೂ ಉಪಯುಕ್ತ. ಸಕ್ಕರೆ ಮಟ್ಟ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ, ಹೊತ್ತು ಎಷ್ಟೇ ಉಳಿದಿರಲಿ, ಉಪವಾಸ ಮುರಿಯಬೇಕು. 70ಕ್ಕಿಂತ ಕೆಳಗಿದ್ದರೆ ಕೂಡಲೇ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಕದಡಿದ ನೀರು ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಮಾತ್ರೆಯ ಪ್ರಮಾಣವನ್ನು ಸ್ವತಃ ಬದಲಿಸಬಾರದು. ಉಪವಾಸಕ್ಕೆ ಮೊದಲೇ ವೈದ್ಯರ ಬಳಿ ಕೇಳಬೇಕು.

ಇವರು ಪ್ರಯತ್ನಿಸಬಾರದು

* ಗರ್ಭಿಣಿಯರು, ಹಾಲುಣಿಸುವ ತಾಯಂದಿರು
* ಮಕ್ಕಳು ಮತ್ತು 18 ವರ್ಷದೊಳಗಿನವರು
* ಟೈಪ್ 1 ಮಧುಮೇಹಿಗಳು
* ಬಿಎಂಐ 18.5ಕ್ಕಿಂತ ಕಡಿಮೆ ಇರುವವರು, ಕೃಶರಾದ ವೃದ್ಧರು
* ಊಟದ ಬಗ್ಗೆ ಅತಿಯಾದ ಭಯ, ಗೀಳಿನ ಕಾಯಿಲೆ ಅನುಭವಿಸಿದವರು

ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ, ಹೊಟ್ಟೆಹುಣ್ಣು, ಪಿತ್ತಕೋಶದ ಕಲ್ಲು ಇರುವವರು ಹಾಗೂ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರ ಒಪ್ಪಿಗೆ ಇಲ್ಲದೆ ಮಾಡಬಾರದು.

ಪಾಳಿ ಕೆಲಸದವರು ಏನು ಮಾಡಬೇಕು?

ನಾಚಾರಂನಂಥ ಕೈಗಾರಿಕಾ ಪ್ರದೇಶಗಳಲ್ಲಿ, ಬೆಂಗಳೂರಿನ ಪೀಣ್ಯದಲ್ಲಿ, ಐಟಿ ಕಚೇರಿಗಳಲ್ಲಿ ರಾತ್ರಿ ಪಾಳಿ ಮಾಡುವವರಿಗೆ ಪುಸ್ತಕದ 16:8 ಹೊಂದುವುದಿಲ್ಲ. ರಾತ್ರಿ ಹೊತ್ತು ಇನ್ಸುಲಿನ್ ಹಗಲಿನಷ್ಟು ಚೆನ್ನಾಗಿ ಕೆಲಸ ಮಾಡದು, ಅದೇ ಊಟಕ್ಕೆ ಸಕ್ಕರೆ ಹೆಚ್ಚು ಏರುತ್ತದೆ. ಪಾಳಿಗೆ ಹೋಗುವ ಮೊದಲೇ ಮುಖ್ಯ ಊಟ ಮುಗಿಸಿ, ನಡುರಾತ್ರಿ ಮಜ್ಜಿಗೆ, ಹುರಿಗಡಲೆ, ಹಣ್ಣಿನಂಥ ಹಗುರ ಆಹಾರಕ್ಕೆ ಸೀಮಿತಗೊಳಿಸುವುದು ಜಾಣತನ. ಯಂತ್ರ, ಬಾಯ್ಲರ್, ವಾಹನ ನಡೆಸುವವರು ಕೆಲಸದ ಹೊತ್ತಿನಲ್ಲಿ ಉಪವಾಸವಿರಬಾರದು. ತಲೆಸುತ್ತು ಬಂದರೆ ಅವರ ಜೀವಕ್ಕೇ ಕುತ್ತು. ಬೇಸಿಗೆಯಲ್ಲಿ ನೀರನ್ನೂ ಬಿಡುವ ನಿರ್ಜಲ ಉಪವಾಸ ಶ್ರಮಿಕರಿಗೆ ಸಲ್ಲದು.

ಆರಂಭಿಸುವುದು ಹೇಗೆ?

1. ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ ಮಟ್ಟ ಬರೆದಿಟ್ಟುಕೊಳ್ಳಬೇಕು.

2. ಮೊದಲ ಎರಡು ವಾರ 12:12 ಸಾಕು. ರಾತ್ರಿ ಊಟ 8ರೊಳಗೆ ಮುಗಿದರೆ ಅರ್ಧ ಕೆಲಸ ಆದಂತೆ.

3. ಒಗ್ಗಿದರೆ 14 ಗಂಟೆಗೆ ಏರಿಸಬಹುದು. 16ಕ್ಕೆ ಹೋಗಲೇಬೇಕೆಂದಿಲ್ಲ.

4. ಬಿಡುವಿನ ಹೊತ್ತಿನಲ್ಲಿ ನೀರು, ಸಕ್ಕರೆ ಮತ್ತು ಹಾಲು ಇಲ್ಲದ ಚಹಾ ಅಥವಾ ಕಾಫಿ ಕುಡಿಯಬಹುದು.

5. ಉಪವಾಸ ಬಿಡುವಾಗ ಕರಿದ ತಿಂಡಿ ಬೇಡ. ಸಬ್ಬಕ್ಕಿ ವಡೆ, ಸಿಹಿ ಅವಲಕ್ಕಿ ತಿಂದರೆ ಉಳಿಸಿದ ಕ್ಯಾಲೊರಿ ಒಂದೇ ತಟ್ಟೆಯಲ್ಲಿ ವಾಪಸ್.

6. ತಟ್ಟೆಯಲ್ಲಿ ಏನಿದೆ ಎಂಬುದೂ ಮುಖ್ಯ. ಧಾನ್ಯಗಳಿಂದ ಬರುವ ಶಕ್ತಿ ಒಟ್ಟು ಕ್ಯಾಲೊರಿಯ ಶೇ 45 ಮೀರಬಾರದು ಎಂದು 2024ರಲ್ಲಿ ಬಿಡುಗಡೆಯಾದ ಎನ್‌ಐಎನ್ ಆಹಾರ ಮಾರ್ಗಸೂಚಿ ಹೇಳುತ್ತದೆ. ಅನ್ನ, ರೊಟ್ಟಿ, ಮುದ್ದೆ ತುಸು ತಗ್ಗಿಸಿ ಬೇಳೆ, ಕಾಳು, ಮೊಟ್ಟೆ, ಮೊಸರು, ತರಕಾರಿ ಹೆಚ್ಚಿಸಬೇಕು.

7. ಸ್ನಾಯು ಉಳಿಸಿಕೊಳ್ಳಲು ನಡಿಗೆಯ ಜೊತೆಗೆ ವಾರಕ್ಕೆ ಎರಡು ದಿನವಾದರೂ ಬಸ್ಕಿ, ಭಾರ ಎತ್ತುವಂಥ ವ್ಯಾಯಾಮ ಬೇಕು.

ಎಂದು ನಿಲ್ಲಿಸಬೇಕು?

ಮೊದಲ ವಾರ ಹಸಿವು, ಸಣ್ಣ ತಲೆನೋವು ಸಹಜ. ತಲೆಸುತ್ತು, ಬವಳಿ, ನಿದ್ರೆ ಕೆಡುವುದು, ಮುಟ್ಟು ಏರುಪೇರಾಗುವುದು, ಉಪವಾಸ ಬಿಟ್ಟ ಕೂಡಲೇ ಮಿತಿಮೀರಿ ತಿನ್ನುವುದು ಕಂಡರೆ ನಿಲ್ಲಿಸಬೇಕು. ಮೂರು ತಿಂಗಳ ನಂತರ ಮೊದಲು ಬರೆದಿಟ್ಟ ಅಂಕಿಗಳೊಂದಿಗೆ ಹೋಲಿಸಿದಾಗ ಬದಲಾವಣೆ ಕಾಣದಿದ್ದರೆ ಬೇರೆ ದಾರಿ ನೋಡಬಹುದು. ಮೂರು ಹೊತ್ತು ಹಿತಮಿತವಾಗಿ ಉಂಡು ಅಷ್ಟೇ ಲಾಭ ಪಡೆಯಲು ಸಾಧ್ಯವಿದೆ ಎಂಬುದನ್ನು ಇವೇ ಅಧ್ಯಯನಗಳು ತೋರಿಸಿವೆ.