ಮಾಸ್ತರಿಕೆಯ ಅನ್ನ, ಆಟದ ನಂಟು

ಲಂಡನ್, ನ್ಯೂಯಾರ್ಕಿನಂಥ ಶಹರಗಳಲ್ಲಿ ನಟರು ಒಂದು ನಾಟಕ ಮುಗಿದು ಇನ್ನೊಂದು ಸಿಗುವವರೆಗೆ ಪರದೇಶದವರಿಗೆ ಇಂಗ್ಲಿಷ್ ಕಲಿಸಿ ಬದುಕು ಸಾಗಿಸುವುದುಂಟು. ಬಣ್ಣ ಹಚ್ಚುವವರಿಗೆ ವರ್ಷವಿಡೀ ಕೆಲಸವಿರುವುದಿಲ್ಲ. ಆದರೆ ಹೊಟ್ಟೆಗೆ ರಜೆಯಿಲ್ಲ. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ಸೀಮೆಯ ಕಲಾವಿದರು ಈ ಸಂಕಟಕ್ಕೆ ಕಂಡುಕೊಂಡ ದಾರಿಯೂ ಮಾಸ್ತರಿಕೆಯೇ. ಆದರೆ ಎಲ್ಲ ಮಾಸ್ತರಿಕೆಗೂ ಒಂದೇ ಬೆಲೆ ಸಿಗಲಿಲ್ಲ.

ಶಿಗ್ಗಾಂವ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಷರೀಫರನ್ನು ನಾವು ಸಂತರೆಂದು ಬಲ್ಲೆವು. ಅವರು ಮುಲ್ಕಿ ಪರೀಕ್ಷೆ ಪಾಸಾಗಿ ಕೆಲಕಾಲ ಸಾಲಿ ಮಾಸ್ತರರಾಗಿದ್ದರು ಎಂಬುದನ್ನು ಮರೆಯುತ್ತೇವೆ. ಅವರಿಗೆ ಬಯಲಾಟದ ಗೀಳೂ ಇತ್ತೆಂದು ಚರಿತ್ರೆ ಬರೆದವರು ಹೇಳುತ್ತಾರೆ. ಕಳಸದ ಗೋವಿಂದ ಭಟ್ಟರ ಶಿಷ್ಯರಾದ ಷರೀಫರು ಸಂಬಳದ ನೌಕರಿಯನ್ನು ಬಿಟ್ಟು ಹಾಡಿನ ಹಾದಿ ಹಿಡಿದರು. 1889ರಲ್ಲಿ ತೀರಿಕೊಳ್ಳುವವರೆಗೂ ಆ ಹಾದಿ ಬಿಡಲಿಲ್ಲ.

ಹಾನಗಲ್ ತಾಲೂಕಿನಲ್ಲಿ ಇದೇ ನಂಟು ತಿರುಗುಮುರುಗಾಯಿತು. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳಿಗೆ ಕಣ್ಣಿರಲಿಲ್ಲ. ಹಾನಗಲ್ ಕುಮಾರಸ್ವಾಮಿಗಳು ಅವರ ಕೈಹಿಡಿದರು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರು ಅವರಿಗೆ ಹಿಂದೂಸ್ತಾನಿ ಸಂಗೀತ ಕಲಿಸಿದರು. ಕುರುಡ ಮಕ್ಕಳಿಗೆ, ಬಡ ಮಕ್ಕಳಿಗೆ ಸಂಗೀತ ಕಲಿಸುವ ಆಶ್ರಮ ಕಟ್ಟಿದ ಗವಾಯಿಗಳ ಮುಂದೆ ಇದ್ದ ಪ್ರಶ್ನೆ ಒಂದೇ: ಇಷ್ಟು ಮಕ್ಕಳ ಊಟಕ್ಕೇನು ಮಾಡುವುದು? ಅವರು ನಾಟಕ ಕಂಪನಿ ಕಟ್ಟಿದರು. ಅಂದರೆ ಇಲ್ಲಿ ಪಾಠ ರಂಗವನ್ನು ಸಾಕಲಿಲ್ಲ, ರಂಗವೇ ಪಾಠಶಾಲೆಯನ್ನು ಸಾಕಿತು. 1944ರಲ್ಲಿ ಅವರು ತೀರಿಕೊಂಡ ಮೇಲೆ, ಇದೇ ಸೀಮೆಯಲ್ಲಿ 1914ರಲ್ಲಿ ಹುಟ್ಟಿದ ಶಿಷ್ಯ ಪುಟ್ಟರಾಜ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೊಣೆ ಹೊತ್ತು, ತಾವೇ ನಾಟಕಗಳನ್ನೂ ಬರೆದರು.

ಇನ್ನು ಇಂಗ್ಲಿಷಿನ ಮಾತು. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಆಕ್ಸ್‌ಫರ್ಡ್‌ನಲ್ಲಿ ಓದಿ, ಇಂಗ್ಲಿಷ್ ಕಲಿಸುತ್ತ ಬಾಳಿದವರು. ಹೈದರಾಬಾದಿನಲ್ಲಿ 1958ರಲ್ಲಿ ಆರಂಭವಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಗೆ ಅವರು ನಿರ್ದೇಶಕರಾಗಿದ್ದರು. ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಅದನ್ನು ಕಲಿಸುವುದು ಹೇಗೆಂದು ಅಧ್ಯಾಪಕರಿಗೇ ಹೇಳಿಕೊಡುವ ಸಂಸ್ಥೆಯದು. ಸವಣೂರು ತಾಲೂಕಿನ ಹತ್ತಿಮತ್ತೂರಿನಲ್ಲಿ 1939ರಲ್ಲಿ ಹುಟ್ಟಿದ ಚಂದ್ರಶೇಖರ ಪಾಟೀಲರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. 2022ರಲ್ಲಿ ನಮ್ಮನ್ನಗಲಿದರು. ಇಬ್ಬರೂ ನಟರಲ್ಲ, ನಾಟಕ ಬರೆದವರು. ಗೋಕಾಕರದು 'ಜನನಾಯಕ', 'ಯುಗಾಂತರ'; ಚಂಪಾ ಅವರದು 'ಕೊಡೆಗಳು', 'ಗೋಕರ್ಣದ ಗೌಡಸಾನಿ'. ಅನ್ನ ಇಂಗ್ಲಿಷಿನದು, ದುಡಿಮೆಯ ಫಲ ಕನ್ನಡಕ್ಕೆ. ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಸ್ಥಾನವಿರಲೆಂದ 1981ರ ವರದಿ ಗೋಕಾಕರ ಹೆಸರಿನದೇ. ಅದರ ಜಾರಿಗಾಗಿ ಬೀದಿಗಿಳಿದವರಲ್ಲಿ ಚಂಪಾ ಮುಂಚೂಣಿಯಲ್ಲಿದ್ದರು. ಇಂಗ್ಲಿಷ್ ಕಲಿಸಿದವರೇ ಕನ್ನಡದ ಪರ ನಿಂತದ್ದು ವಿಚಿತ್ರವೇನಲ್ಲ. ಆ ಭಾಷೆಯ ಬೆಲೆಯನ್ನು ಅವರಷ್ಟು ಹತ್ತಿರದಿಂದ ಕಂಡವರು ಯಾರು?

ಆದರೆ ಆ ಬೆಲೆ ಎಲ್ಲರಿಗೂ ದಕ್ಕಲಿಲ್ಲ. ಮಳೆಗಾಲದಲ್ಲಿ ಕಂಪನಿ ಟೆಂಟು ಕಿತ್ತಾಗ ಮನೆಗೆ ಮರಳುತ್ತಿದ್ದ ನಟನ ಕೈಯಲ್ಲಿ ಇಂಗ್ಲಿಷ್ ಇರಲಿಲ್ಲ. ಇದ್ದದ್ದು ಮಾತುಗಾರಿಕೆ, ರಂಗಗೀತೆ, ಹೆಜ್ಜೆ. ಹಳ್ಳಿಯ ಜಾತ್ರೆ, ಉರುಸುಗಳಿಗೆ ಹುಡುಗರು ನಾಟಕ ಹೂಡಿದಾಗ ಅವರಿಗೆ ಕಲಿಸಲು ಬರುವವನು ಇಂಥ ಮಾಸ್ತರನೇ. ಪಕ್ಕದಲ್ಲಿ ಪೇಟಿ ಮಾಸ್ತರ. ಹಗಲು ಹೊಲದಲ್ಲಿ ದುಡಿದ ಹುಡುಗರು ರಾತ್ರಿ ತಾಲೀಮಿಗೆ ಕೂಡುತ್ತಾರೆ. ಓದು ಬಾರದವನಿಗೂ ಇಡೀ ಪಾರ್ಟು ಬಾಯಿಪಾಠವಾಗುತ್ತದೆ. ಜಾತಿ, ಮತ ಕೇಳದೆ ನಡೆಯುವ ಸಾಲಿ ಇದು. ಇದಕ್ಕೆ ಹಾಜರಿ ಪುಸ್ತಕವಿಲ್ಲ, ಮಾಸ್ತರನಿಗೆ ಪಿಂಚಣಿಯಿಲ್ಲ.

ಸರಕಾರ ವೃದ್ಧ ಕಲಾವಿದರಿಗೆ ಮಾಸಾಶನ ಕೊಡುತ್ತದೆ ನಿಜ. ಆದರೆ ಕಲಾವಿದನೆಂದು ಸಾಬೀತುಪಡಿಸಲು ಕಾಗದ ಬೇಕು. ಊರೂರು ತಿರುಗಿ ನಾಟಕ ಕಲಿಸಿದವನು ಯಾವ ಕಾಗದ ತಂದಾನು? ಅವನ ಹೆಸರು ಅಚ್ಚಾದದ್ದು ನಾಟಕದ ಹ್ಯಾಂಡ್‌ಬಿಲ್ಲಿನಲ್ಲಿ ಮಾತ್ರ, ಅದೂ ಕೊನೆಯ ಸಾಲಿನಲ್ಲಿ. ಹಿರೇಕೆರೂರಿನದಾಗಲಿ ಹಾನಗಲ್ಲಿನದಾಗಲಿ, ನಿಮ್ಮ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯಲ್ಲಿ ಅಂಥ ಹ್ಯಾಂಡ್‌ಬಿಲ್ಲು ಸಿಕ್ಕರೆ ದಯವಿಟ್ಟು ಎಸೆಯಬೇಡಿ. ಈ ಸೀಮೆಯ ಮಾಸ್ತರರ ಚರಿತ್ರೆ ಬರೆಯುವವರಿಗೆ ಅದೇ ದಾಖಲೆ.