ಓಡಿದವರು ಮದುಮಕ್ಕಳಲ್ಲ

ಹುಮನಾಬಾದ್ ಎರಡು ಹೆದ್ದಾರಿ ಕೂಡುವ ಊರು. ಪುಣೆ–ಹೈದರಾಬಾದ್ ರಸ್ತೆ ಒಂದು, ಬೀದರ–ಕಲಬುರಗಿ ರಸ್ತೆ ಇನ್ನೊಂದು. ಮನೆ ಬಿಟ್ಟು ಬಂದ ಹುಡುಗ-ಹುಡುಗಿಗೆ ಇಲ್ಲಿ ನಾಲ್ಕೂ ದಿಕ್ಕಿಗೆ ಬಸ್ಸು. ಡ್ರೈವರಿಕೆ ಮಾಡುವಾಗ ಅಂಥ ಜೋಡಿಗಳನ್ನು ಕನ್ನಡಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಹುಡುಗಿ ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಕಿಟಕಿ ಬಿಟ್ಟು ಕೂತಿರುತ್ತಾಳೆ. ಹುಡುಗ ಪ್ರತಿ ಸ್ಟಾಪಿನಲ್ಲೂ ಹಿಂದೆ ತಿರುಗಿ ನೋಡುತ್ತಾನೆ. ಗಡಿಯಾಚೆಯ ಜಹೀರಾಬಾದ್ ದಾಟಿದ ಮೇಲೆಯೇ ನೀರಿನ ಬಾಟಲಿಯ ಮುಚ್ಚಳ ತೆಗೆಯುವುದು.

ಸಿನಿಮಾದವರಿಗೆ ಈ ಓಟ ಬಲು ಇಷ್ಟ. ಅಮೆರಿಕದ ಬಾನಿ ಮತ್ತು ಕ್ಲೈಡ್ ಎಂಬ ಜೋಡಿಯನ್ನು 1934ರ ಮೇ 23ರಂದು ಲೂಸಿಯಾನಾದ ರಸ್ತೆಯೊಂದರಲ್ಲಿ ಪೊಲೀಸರು ಹೊಂಚುಹಾಕಿ ಕಾರಿನಲ್ಲೇ ಗುಂಡಿಟ್ಟು ಕೊಂದರು. 1967ರಲ್ಲಿ ಅವರ ಕಥೆ ಸಿನಿಮಾ ಆಗಿ ಲೋಕವೆಲ್ಲ ಓಡಿತು. ಅವರು ಬ್ಯಾಂಕು ದೋಚಿದವರು, ಕೊಲೆ ಮಾಡಿದವರು. ನಾನು ಹೇಳಹೊರಟ ನಮ್ಮ ಕಡೆಯ ಜೋಡಿ ಮಾಡಿದ್ದು ಮದುವೆ, ಅಷ್ಟೇ.

ಹುಮನಾಬಾದಿನಿಂದ ಸೊಲ್ಲಾಪುರದ ದಿಕ್ಕಿಗೆ ಹೊರಟು ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟರೆ ಬಸವಕಲ್ಯಾಣ. 12ನೇ ಶತಮಾನದಲ್ಲಿ ಕಲಚುರಿ ಬಿಜ್ಜಳ ಆಳಿದ ಊರು. ಸಮಗಾರ ಹರಳಯ್ಯನ ಮಗ ಶೀಲವಂತ. ಬ್ರಾಹ್ಮಣನಾಗಿ ಹುಟ್ಟಿ, ಬಸವಣ್ಣನ ಬಳಗ ಸೇರಿ ಶರಣನಾದ ಮಧುವರಸನ ಮಗಳು ಲಾವಣ್ಯ. ಇವರು ರಾತ್ರೋರಾತ್ರಿ ಓಡಿಹೋದವರಲ್ಲ. ಎರಡೂ ಮನೆಯ ಹಿರಿಯರು ಒಪ್ಪಿ, ಊರಿಗೆಲ್ಲ ಗೊತ್ತಾಗುವಂತೆ ಮಾಡಿದ ಮದುವೆ ಅದು. ಆಸ್ಥಾನದ ಸಿಟ್ಟು ನೆತ್ತಿಗೇರಿದ್ದೇ ಅದಕ್ಕೆ ಎಂದು ನನ್ನ ಲೆಕ್ಕ. ಓಡಿಹೋಗಿದ್ದರೆ ಹುಡುಗಾಟ ಎಂದು ಮುಚ್ಚಿಹಾಕಬಹುದಿತ್ತು; ಅಪ್ಪಂದಿರೇ ಮುಂದೆ ನಿಂತು ಅಕ್ಷತೆ ಹಾಕಿದರೆ ಏನೆನ್ನುವುದು? ಹರಳಯ್ಯ, ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಯಿತು. ಎಂದರೆ, ಆನೆಯ ಕಾಲಿಗೆ ಕಟ್ಟಿ ಜೀವ ಹೋಗುವವರೆಗೆ ಬೀದಿಯಲ್ಲಿ ಎಳೆಸುವುದು. ಶೀಲವಂತನನ್ನೂ ಬಿಡಲಿಲ್ಲವೆಂದು ಹೇಳುವವರಿದ್ದಾರೆ.

ಇದಕ್ಕೆಲ್ಲ ಶಾಸನದ ಆಧಾರ ಕೇಳಬೇಡಿ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಬಿಜ್ಜಳ ಇಬ್ಬರು ಶರಣರ ಕಣ್ಣು ಕೀಳಿಸಿದ ಸಂಗತಿ ಇದೆ, ಮದುವೆಯ ಕಥೆ ಇಲ್ಲ. ಮದುವೆ ಆಮೇಲಿನವರ ಮಾತು. ಆದರೂ ಕಲ್ಯಾಣದ ಜನ ಇವತ್ತಿಗೂ ಹೇಳುವುದು ಮದುವೆಯ ಕಥೆಯನ್ನೇ.

1167ರ ಸುಮಾರಿಗೆ ಬಿಜ್ಜಳನ ಕೊಲೆಯಾಯಿತು, ಅಪವಾದ ಶರಣರ ಮೇಲೆ ಬಂತು. ಓಟ ಶುರುವಾದದ್ದು ಆಗ. ಓಡಿದವರು ಮದುಮಕ್ಕಳಲ್ಲ, ಮದುವೆಯ ಪರ ನಿಂತವರು: ಮಡಿವಾಳರು, ಡೋಹರರು, ಹೆಂಗಸರು, ಮುದುಕರು. ತಲೆಯ ಮೇಲೆ ವಚನದ ಕಟ್ಟು, ಬೆನ್ನ ಹಿಂದೆ ಆಸ್ಥಾನದ ದಂಡು. ಬಸವಣ್ಣ ಅದಕ್ಕೂ ಮೊದಲೇ ಕೂಡಲಸಂಗಮದ ದಾರಿ ಹಿಡಿದಿದ್ದ. ಅವನ ಸೋದರಳಿಯ ಚನ್ನಬಸವಣ್ಣನ ಗುಂಪು ಹೊರಟದ್ದು ಉಳವಿಗೆ, ಇಂದಿನ ಜೋಯಿಡಾ ತಾಲ್ಲೂಕಿನ ಕಾಡಿಗೆ. 400 ಕಿಲೋಮೀಟರಿಗೂ ಮಿಕ್ಕ ದಾರಿ. ಡಾಂಬರು ರಸ್ತೆಯಲ್ಲಿ ಬಸ್ಸು ಓಡಿಸಿದವನಿಗೇ ಸೊಂಟ ಹಿಡಿಯುವ ದೂರ. ಕೂಸು-ಕುನ್ನಿ ಕಟ್ಟಿಕೊಂಡು, ನಡುನಡುವೆ ಕಾದಾಡುತ್ತ ನಡೆದವರ ಪಾಡು ಹೇಗಿದ್ದೀತು! ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯ ಬಿದ್ದ. ಮಲಪ್ರಭೆಯ ದಂಡೆಯ ಮುಗುಟಖಾನ ಹುಬ್ಬಳ್ಳಿಯಲ್ಲಿ ಬಸವಣ್ಣನ ಹೆಂಡತಿ ಗಂಗಾಂಬಿಕೆ ಐಕ್ಯಳಾದಳು. ಉಳವಿಯಲ್ಲಿ ಚನ್ನಬಸವಣ್ಣನ ಸಮಾಧಿ ಇದೆ. ಬೆಳಗಾವಿ, ಧಾರವಾಡದ ಕಡೆಯ ರೈತರು ಭಾರತ ಹುಣ್ಣಿಮೆಯ ಜಾತ್ರೆಗೆ ಈಗಲೂ ಚಕ್ಕಡಿ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಾರೆ.

ಈ ದಾರಿಯುದ್ದಕ್ಕೂ ಸತ್ತವರಿಗೆ ಗುಡಿ, ಕಟ್ಟೆ ಎದ್ದಿವೆ. ಲಾವಣ್ಯಳ ಹೆಸರಿನ ಒಂದು ಕಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಗಿರೀಶ ಕಾರ್ನಾಡರ ‘ತಲೆದಂಡ’ ನಾಟಕದಲ್ಲಿ ಆಕೆ ಕಲಾವತಿ. ಹೆಸರು ಕೂಡ ಒಂದೇ ಆಗಿ ಉಳಿಯಲಿಲ್ಲ. ಅಪ್ಪ, ಮಾವ ಇಬ್ಬರನ್ನೂ ಕಳೆದುಕೊಂಡ ಆ ಹುಡುಗಿ ಉಳವಿಗೆ ಹೊರಟವರ ಜೊತೆ ನಡೆದಳೋ, ಕಲ್ಯಾಣದಲ್ಲೇ ಉಳಿದಳೋ, ಹೇಳುವವರಿಗೆ ಅದು ಬೇಕಾಗಲಿಲ್ಲ.

ಬಸವಕಲ್ಯಾಣಕ್ಕೆ ಬಂದವರು 108 ಅಡಿಯ ಬಸವಣ್ಣನ ಮೂರ್ತಿಯ ಮುಂದೆ ಫೋಟೊ ತೆಗೆಸಿಕೊಂಡು ಸಸ್ತಾಪುರದ ಬಸ್ಸು ಹಿಡಿಯುತ್ತಾರೆ. ನೀವು ಹಾಗೆ ಮಾಡಬೇಡಿ. ಹರಳಯ್ಯನ ಗವಿಗೂ ಹೋಗಿಬನ್ನಿ. ಅಲ್ಲಿ ಯಾರಾದರೂ ಕಥೆ ಹೇಳಿದರೆ ಪೂರ್ತಿ ಕೇಳಿ, ಕಡೆಗೆ ಹುಡುಗಿ ಏನಾದಳು ಎಂದೂ ಕೇಳಿ.